ಸಾಂಬ್ರಾದ ಸೀಟಿನ ಲೆಕ್ಕ: ಬೇಸಿಗೆಯಲ್ಲಿ ಬೆಳಗಾವಿಯ ವಿಮಾನ ಟಿಕೆಟ್ ಯಾಕೆ ಕೈಗೆ ಸಿಗುವುದಿಲ್ಲ?

ಮಾರ್ಚ್ ಕೊನೆಗೆ ವಿಮಾನಗಳ ವೇಳಾಪಟ್ಟಿ ಬದಲಾಗುವ ಹೊತ್ತಿಗೆ ಬೆಳಗಾವಿಯಲ್ಲಿ (ಇಲ್ಲಿನ ವಿಮಾನ ನಿಲ್ದಾಣ ಇರುವುದು ಸಾಂಬ್ರಾದಲ್ಲಿ) ಚರ್ಚೆ ಶುರುವಾಗುತ್ತದೆ: ಎಷ್ಟು ಫ್ಲೈಟ್ ಬಂದವು, ಎಷ್ಟು ಹೋದವು? ಕೇಳಬೇಕಾದ ಪ್ರಶ್ನೆಯೇ, ಆದರೆ ಅರ್ಧ ಪ್ರಶ್ನೆ. ಮೇ ತಿಂಗಳಲ್ಲಿ ಬೆಂಗಳೂರಿನಿಂದ ಊರಿಗೆ ಬರಬೇಕಾದವರಿಗೆ ಬೇಕಿರುವುದು ಅವರ ದಿನಕ್ಕೆ, ಅವರ ದಿಕ್ಕಿಗೆ ಉಳಿದಿರುವ ಸೀಟು. ಅಂಥ ಸೀಟು ಎಷ್ಟಿರಬೇಕು ಎಂಬುದು ಅವರು ಮೊಬೈಲ್ ಹಿಡಿದು ಹುಡುಕಲು ಕೂರುವ ಎಷ್ಟೋ ಮೊದಲೇ, ಚಳಿಗಾಲದಲ್ಲೇ ನಿರ್ಧಾರವಾಗಿರುತ್ತದೆ. ಮೇ ತಿಂಗಳ ದರಕ್ಕೆ ನಾವು ಬಯ್ಯುತ್ತೇವೆ. ಆದರೆ ಆ ದರಕ್ಕೆ ಬುನಾದಿ ಬಿದ್ದದ್ದು ಜನವರಿ, ಫೆಬ್ರುವರಿಯಲ್ಲಿ, ಬೆಳಗಾವಿಯ ಹೊರಗೆ ಎಲ್ಲೋ ಒಂದು ಕಚೇರಿಯಲ್ಲಿ.

ಅಕ್ಟೋಬರ್‌ವರೆಗೂ ಬೇಸಿಗೆ

ವಿಮಾನಯಾನದ ಪಂಚಾಂಗದಲ್ಲಿ ಎರಡೇ ಋತು. ಮಾರ್ಚ್‌ನ ಕೊನೆಯ ಭಾನುವಾರ ಬೇಸಿಗೆ ಶುರು, ಅಕ್ಟೋಬರ್‌ನ ಕೊನೆಯ ಭಾನುವಾರ ಚಳಿಗಾಲ ಶುರು. 2026ರಲ್ಲಿ ಈ ಬೇಸಿಗೆ ಮಾರ್ಚ್ 29ರಿಂದ ಅಕ್ಟೋಬರ್ 24ರವರೆಗೆ. ಶಾಲೆಯ ರಜೆ, ಕಾಲೇಜು ಪ್ರವೇಶದ ಓಡಾಟ, ಆಷಾಢದ ಮಳೆ, ಗಣೇಶ ಚೌತಿ, ದಸರಾ ಎಲ್ಲವೂ ಒಂದೇ ಪಟ್ಟಿಯ ಹೊಟ್ಟೆಯೊಳಗೆ. 2025ರಲ್ಲಂತೂ ದೀಪಾವಳಿಯೂ ಬೇಸಿಗೆ ಪಟ್ಟಿಯಲ್ಲೇ ಮುಗಿಯಿತು. 2026ರಲ್ಲಿ ಅದು ನವೆಂಬರ್‌ಗೆ ಸರಿಯುವುದರಿಂದ ಚಳಿಗಾಲದ ಪಟ್ಟಿಗೆ ಹೋಗುತ್ತದೆ.

ಈ ಏಳು ತಿಂಗಳಲ್ಲಿ ಬೇಡಿಕೆ ಒಂದೇ ಸಮ ಇರುವುದಿಲ್ಲ. ಏಪ್ರಿಲ್, ಮೇ ಎರಡು ತಿಂಗಳು ನೂಕುನುಗ್ಗಲು. ಜುಲೈ ಬಂತೆಂದರೆ ಮಕ್ಕಳು ಶಾಲೆಯಲ್ಲಿ, ಮದುವೆಗಳು ಬಂದ್, ಬೆಳಗಾವಿಯಲ್ಲಿ ಹಗಲು ರಾತ್ರಿ ಜಿಟಿಜಿಟಿ ಮಳೆ. ಮೋಡ ಕೆಳಗಿಳಿದು ರನ್‌ವೇ ಕಾಣದಿದ್ದರೆ ಬಂದ ವಿಮಾನ ಬೇರೆ ಊರಿಗೆ ತಿರುಗುವುದೂ ಉಂಟು. ಮೇ ತಿಂಗಳ ಜನಕ್ಕೆ ತಕ್ಕಷ್ಟು ಸೀಟು ಹಾಕಿದರೆ ಜುಲೈನಲ್ಲಿ ಅರ್ಧ ಖಾಲಿ ಹಾರಬೇಕು, ಜುಲೈಗೆ ತಕ್ಕಷ್ಟು ಹಾಕಿದರೆ ಮೇನಲ್ಲಿ ಸೀಟಿಲ್ಲ. ಸಣ್ಣ ಊರುಗಳ ವಿಷಯದಲ್ಲಿ ಕಂಪನಿಗಳು ಜುಲೈ ಕಡೆಗೇ ವಾಲುತ್ತವೆ ಎಂಬುದು ನನ್ನ ಅಂದಾಜು. ಖಾಲಿ ಸೀಟಿನ ನಷ್ಟ ಕಂಪನಿಯ ಲೆಕ್ಕಪುಸ್ತಕದಲ್ಲಿ ಕಾಣುತ್ತದೆ, ಸೀಟು ಸಿಗದೆ ಬಸ್ಸು ಹತ್ತಿದವನ ಲೆಕ್ಕ ಯಾರ ಪುಸ್ತಕದಲ್ಲೂ ಇರುವುದಿಲ್ಲ.

2026ಕ್ಕೆ ಇನ್ನೊಂದು ತೊಡಕಿದೆ. ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಮಾಸ. ಅಧಿಕದಲ್ಲಿ ಮದುವೆ, ಮುಂಜಿ ಇಡುವುದಿಲ್ಲವಾದ್ದರಿಂದ ಸೀಸನ್ನಿನ ಲಗ್ನಗಳೆಲ್ಲ ಅದಕ್ಕೆ ಮೊದಲೇ ಒತ್ತೊತ್ತಾಗಿ ಬೀಳುತ್ತವೆ. ಹಿಂದಿನ ವರ್ಷದ ಬುಕಿಂಗ್ ಮಾತ್ರ ನೋಡಿ ಬೇಡಿಕೆ ಅಳೆಯುವವರಿಗೆ ಇದು ಕಾಣಿಸುವುದಿಲ್ಲ. ಖಡೇಬಜಾರಿನ ಬಟ್ಟೆ ಅಂಗಡಿಯವರಿಗೆ ಮಾತ್ರ ಚೆನ್ನಾಗಿ ಗೊತ್ತಿರುತ್ತದೆ.

ಹಾಗಾದರೆ ಏಪ್ರಿಲ್‌ನಲ್ಲಿ ರಶ್ ಕಂಡ ಕೂಡಲೇ ಇನ್ನೊಂದು ವಿಮಾನ ಹಾಕಬಾರದೇ? ಬೆಳಗಾವಿಯ ಕಡೆಯಿಂದ ಅಡ್ಡಿ ಕಡಿಮೆ. ಅಡ್ಡಿ ಇರುವುದು ಇನ್ನೊಂದು ತುದಿಯಲ್ಲಿ. ವಿಮಾನ ಇಳಿಯಲು, ಏರಲು ನಿಗದಿಯಾದ ಹೊತ್ತಿಗೆ ಸ್ಲಾಟ್ ಎನ್ನುತ್ತಾರೆ. ಮುಂಬೈ, ದೆಹಲಿ, ಬೆಂಗಳೂರಿನಲ್ಲಿ ಬೆಳಗಿನ ಮತ್ತು ಸಂಜೆಯ ಸ್ಲಾಟಿಗೆ ಚಿನ್ನದ ಬೆಲೆ. ಒಂದು ಸ್ಲಾಟನ್ನು ಋತುವಿನುದ್ದಕ್ಕೂ ಶೇ 80ರಷ್ಟಾದರೂ ಬಳಸಿದ ಕಂಪನಿಗೆ ಮರುವರ್ಷದ ಅದೇ ಋತುವಿನಲ್ಲಿ ಅದರ ಮೇಲೆ ಹಕ್ಕು ಉಳಿಯುತ್ತದೆ. ಹಾಗಾಗಿ ಯಾರೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮುಂಬೈಯ ಬೆಳಗಿನ ಎಂಟು ಗಂಟೆಯ ಸ್ಲಾಟಿನಲ್ಲಿ 232 ಸೀಟಿನ ಏರ್‌ಬಸ್ ಇಳಿದರೂ ಒಂದೇ, ಬೆಳಗಾವಿಯಿಂದ ಹೊರಟ 76 ಸೀಟಿನ ಎಂಬ್ರೇಯರ್ ಇಳಿದರೂ ಒಂದೇ. ಕಂಪನಿ ಯಾವುದನ್ನು ಇಳಿಸುತ್ತದೆ ಎಂದು ಹೇಳಬೇಕಿಲ್ಲ. ನಮ್ಮಂಥ ಊರುಗಳಿಗೆ ಸಿಗುವುದು ನಡುಹಗಲಿನ, ಯಾರಿಗೂ ಬೇಡದ ಹೊತ್ತು.

78ರ ಗುಟ್ಟು

ಸೀಟಿನ ಲೆಕ್ಕ ಕೇಳಲು ಸರಳ. ವಿಮಾನದಲ್ಲಿ ಎಷ್ಟು ಸೀಟು, ವಾರಕ್ಕೆ ಎಷ್ಟು ಸಲ ಹಾರುತ್ತದೆ, ಗುಣಿಸಿದರೆ ಮುಗಿಯಿತು. ಆದರೆ ಸುದ್ದಿಯಲ್ಲಿ ಬರುವುದು ಹಾರಾಟದ ಸಂಖ್ಯೆಯಷ್ಟೇ ಆದ್ದರಿಂದ ಮೋಸ ಹೋಗುವುದು ಸುಲಭ. ವಾರಕ್ಕೆ ಮೂರು ದಿನದ 76 ಸೀಟಿನ ವಿಮಾನ ಅಂದರೆ ಒಂದು ದಿಕ್ಕಿಗೆ ವಾರಕ್ಕೆ 228 ಸೀಟು. ದಿನವೂ ಹಾರುವ 186 ಸೀಟಿನ ಏರ್‌ಬಸ್ ಎ320 ಅಂದರೆ 1,302. ಸುದ್ದಿಯಲ್ಲಿ ಎರಡೂ ‘ಒಂದು ಹೊಸ ಮಾರ್ಗ’.

ಇದರ ತಿರುವುಮುರುವೂ ಆಗುತ್ತದೆ. ದಿನಕ್ಕೆ ಎರಡು ಸಲ ಬರುತ್ತಿದ್ದ 78 ಸೀಟಿನ ಎಟಿಆರ್ ಎಂಬ ಪ್ರೊಪೆಲರ್ ವಿಮಾನ ತೆಗೆದು, ಒಂದೇ ಸಲ ಬರುವ ಎ320 ಹಾಕಿದರು ಎಂದುಕೊಳ್ಳಿ. ಕಾಗದದ ಮೇಲೆ 156 ಇದ್ದದ್ದು 186 ಆಯಿತು, ದಿನಕ್ಕೆ 30 ಸೀಟು ಲಾಭ. ಆದರೆ ಬೆಳಿಗ್ಗೆ ಹೋಗಿ ಕೋರ್ಟಿನ ಕೆಲಸವನ್ನೋ ಆಸ್ಪತ್ರೆಯ ತಪಾಸಣೆಯನ್ನೋ ಮುಗಿಸಿ ಸಂಜೆಗೆ ಮರಳುವ ಸೌಲಭ್ಯ ಹೋಯಿತು. ಉದ್ಯಮಬಾಗದ ಫೌಂಡ್ರಿ ಮಾಲೀಕರಿಗೆ ಆ 30 ಸೀಟಿಗಿಂತ ಸಂಜೆಯ ಮರುವಿಮಾನ ಮುಖ್ಯ, ರಜೆಗೆ ಹೊರಟ ಕುಟುಂಬಕ್ಕೆ ಸೀಟೇ ಮುಖ್ಯ. ಸಾಮರ್ಥ್ಯ ಹೆಚ್ಚಿತೋ ಕಡಿಮೆಯಾಯಿತೋ ಎಂಬುದಕ್ಕೆ ಇಬ್ಬರ ಉತ್ತರವೂ ಬೇರೆ, ಇಬ್ಬರೂ ಸರಿ.

ಈ 76, 78 ಎಂಬ ಸಂಖ್ಯೆಗಳನ್ನು ಗಮನಿಸಿದ್ದೀರಾ? ಸಣ್ಣ ವಿಮಾನಗಳೆಲ್ಲ 80ರ ಹೊಸ್ತಿಲಿನ ಒಳಗೇ ಯಾಕೆ ನಿಲ್ಲುತ್ತವೆ? ವಿಮಾನ ನಿಲ್ದಾಣ ಪ್ರಾಧಿಕಾರದ ಶುಲ್ಕ ಪಟ್ಟಿಯಲ್ಲಿ ದೀರ್ಘಕಾಲದಿಂದ ಒಂದು ವಿನಾಯಿತಿ ಇದೆ: 80ಕ್ಕಿಂತ ಕಡಿಮೆ ಸೀಟಿನ ದೇಶೀಯ ನಿಗದಿತ ವಿಮಾನಕ್ಕೆ ಇಳಿಯುವ ಶುಲ್ಕ ಇಲ್ಲ. ಒಂದು ಕಾಲಕ್ಕೆ ಬೆಳಗಾವಿಗೆ ಬರುತ್ತಿದ್ದ ಸ್ಪೈಸ್‌ಜೆಟ್‌ನ ಕ್ಯೂ400 ವಿಮಾನದಲ್ಲಿ 90 ಸೀಟು ಹಿಡಿಸಬಹುದಿತ್ತು. ಅವರು ಇಟ್ಟದ್ದು 78. ಗರಿಷ್ಠ ತೂಕ 40 ಟನ್‌ಗಿಂತ ಕಡಿಮೆಯಿರುವ ವಿಮಾನಗಳಿಗೆ ಇಂಧನ ತೆರಿಗೆಯಲ್ಲೂ ರಿಯಾಯಿತಿ ಸಿಗುತ್ತದೆ. ಎಟಿಆರ್ ತೂಗುವುದು 23 ಟನ್. ಮೇಲಾಗಿ 50 ಸೀಟಿಗೆ ಒಬ್ಬರಂತೆ ಗಗನಸಖಿಯರು ಇರಲೇಬೇಕು ಎಂಬ ನಿಯಮವಿದೆ. ಸ್ಟಾರ್ ಏರ್ ಬೆಳಗಾವಿಯಲ್ಲಿ ಮೊದಲು ಹಾರಿಸಿದ ಎಂಬ್ರೇಯರ್ 145ರಲ್ಲಿ ಸರಿಯಾಗಿ 50 ಸೀಟು ಇದ್ದದ್ದು ಕಾಕತಾಳೀಯವೇನಲ್ಲ. ನಾವು ಕೂರುವ ಸೀಟಿನ ಸಂಖ್ಯೆಯನ್ನು ಪ್ರಯಾಣಿಕರ ಬೇಡಿಕೆಯಷ್ಟೇ ಈ ನಿಯಮಗಳೂ ತೀರ್ಮಾನಿಸಿವೆ.

ಇನ್ನು ಒಂದು ವಿಮಾನ ಒಂದೇ ಊರಿನದ್ದಲ್ಲ. ಬೆಳಗಾವಿಗೆ ಮಧ್ಯಾಹ್ನ ಬರುವ ಎಟಿಆರ್ ಬೆಳಿಗ್ಗೆಯಿಂದ ಎರಡು ಮೂರು ಊರು ಸುತ್ತಿ ಬಂದಿರುತ್ತದೆ. ಒಂದೇ ಜೋಡಿ ಎತ್ತಿನಲ್ಲಿ ನಾಲ್ವರ ಹೊಲ ಉತ್ತ ಹಾಗೆ; ಮೊದಲ ಹೊಲದಲ್ಲಿ ತಡವಾದರೆ ನಾಲ್ಕನೆಯವನ ಹೊಲಕ್ಕೆ ಹೊತ್ತು ಮುಳುಗಿರುತ್ತದೆ. ಸಾಲಿನ ಕೊನೆಯಲ್ಲಿ ನಿಲ್ಲುವುದು ಸಾಮಾನ್ಯವಾಗಿ ಸಣ್ಣ ಊರು. ವಿಮಾನ ಕೆಟ್ಟಾಗ, ಪೈಲಟ್‌ಗಳ ಕೆಲಸದ ಅವಧಿ ಮುಗಿದಾಗ ಮೊದಲು ರದ್ದಾಗುವುದೂ ಅದೇ.

ಸೆಕೆಗೆ ಸೀಟು ಕಡಿಮೆಯಾಗುವುದು

ಬೇಸಿಗೆಗೂ ಸೀಟಿಗೂ ಭೌತಶಾಸ್ತ್ರದ ಒಂದು ನಂಟಿದೆ, ಇದನ್ನು ಯಾರೂ ಹೆಚ್ಚು ಮಾತಾಡುವುದಿಲ್ಲ. ಗಾಳಿ ಕಾದಷ್ಟೂ ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್‌ಗೆ ನೂಕುವ ಬಲವೂ ಕಡಿಮೆ. ಹಾಗಾಗಿ ಅದೇ ವಿಮಾನ ಅದೇ ತೂಕ ಹೊತ್ತು ಏರಲು ಇನ್ನೂ ಉದ್ದದ ರನ್‌ವೇ ಬೇಕು.

ಸಾಂಬ್ರಾದ ರನ್‌ವೇ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಅಲ್ಲಿಯೇ ಗಾಳಿ ಮುಂಬೈಗಿಂತ ತೆಳು. ಏಪ್ರಿಲ್ ಮಧ್ಯಾಹ್ನ ಉಷ್ಣಾಂಶ 36 ಡಿಗ್ರಿ ಮುಟ್ಟಿತು ಎಂದರೆ, ಪೈಲಟ್‌ಗಳ ಲೆಕ್ಕದಲ್ಲಿ ಆ ರನ್‌ವೇ 1,700 ಮೀಟರ್ ಎತ್ತರದಲ್ಲಿದ್ದಂತೆ. ಕೊಡಚಾದ್ರಿಯ ತುದಿಯೇ 1,343 ಮೀಟರ್. 2017ರಲ್ಲಿ ಹೊಸ ಟರ್ಮಿನಲ್ ಉದ್ಘಾಟನೆಯ ಹೊತ್ತಿಗೆ ರನ್‌ವೇಯನ್ನು 2,300 ಮೀಟರ್‌ಗೆ ಬೆಳೆಸಿದ್ದರಿಂದಲೇ ಏರ್‌ಬಸ್, ಬೋಯಿಂಗ್‌ಗಳಿಗೆ ಇಲ್ಲಿ ದಾರಿಯಾಯಿತು. ಆದರೂ ದೂರದ ಊರಿಗೆ ಹೋಗುವ ದೊಡ್ಡ ವಿಮಾನಕ್ಕೆ ಹೆಚ್ಚು ಇಂಧನ ಬೇಕು, ಬೆಂಕಿ ಬಿಸಿಲಿನಲ್ಲಿ ಆ ಇಂಧನದ ತೂಕವನ್ನು ಸರಿದೂಗಿಸಲು ಏನನ್ನಾದರೂ ಇಳಿಸಬೇಕಾಗಬಹುದು. ನಮ್ಮಲ್ಲಿ ವಯಸ್ಕ ಪ್ರಯಾಣಿಕರ ತೂಕವನ್ನು ಕೈಚೀಲ ಸೇರಿ 75 ಕಿಲೋ ಎಂದು ಹಿಡಿಯುತ್ತಾರೆ. 15 ಕಿಲೋದ ಚೆಕ್-ಇನ್ ಚೀಲ ಸೇರಿದರೆ 90. ಒಂದು ಟನ್ ಇಳಿಸಿ ಎಂದರೆ 11 ಸೀಟು ಮಾರಬೇಡಿ ಎಂದ ಹಾಗೆ. ಬೆಳಗಿನ ತಂಪಿನಲ್ಲಿ ಹೊರಡುವ ವಿಮಾನಕ್ಕೆ ಈ ತಾಪತ್ರಯ ಕಡಿಮೆ, ಅದೂ ಬೆಳಗಿನ ಸ್ಲಾಟಿಗೆ ಬೆಲೆ ಬರಲು ಒಂದು ಕಾರಣ. ಬೆಂಗಳೂರಿಗೆ ಹೋಗುವ ಎಟಿಆರ್‌ಗೆ ಇಷ್ಟುದ್ದದ ರನ್‌ವೇ ಬೇಕಾದಷ್ಟಾಯಿತು. ಅದು ಕೇಳುವುದೇ ಕಡಿಮೆ.

ಬರುವಾಗ ಭರ್ತಿ, ಹೋಗುವಾಗ ಖಾಲಿ

ಕಾಲೇಜ್ ರಸ್ತೆಯ ಒಂದು ಟಿಕೆಟ್ ಅಂಗಡಿ. ನಿವೃತ್ತ ಮಾಸ್ತರರೊಬ್ಬರು ಬೆಂಗಳೂರಿನ ಮಗ, ಸೊಸೆ, ಮೊಮ್ಮಕ್ಕಳಿಗೆ ನಾಲ್ಕು ಟಿಕೆಟ್ ತೆಗೆಸಲು ಬಂದಿದ್ದರು.

“ಅಲ್ರೀ, ಈಗರ 4,200 ಅಂತ ತೋರಸ್ತಿತ್ತು. ನಾಲ್ಕು ಮಂದಿ ಅಂತ ಹಾಕಿದ ಕೂಡ್ಲೆ 5,100 ಹ್ಯಾಂಗಾತು?”

“ಕಾಕಾ, 4,200ದ್ದು ಎರಡ ಸೀಟ್ ಉಳದಾವ್ರಿ. ನಾಲ್ಕೂ ಕೂಡೇ ಕೇಳಿದ್ರ ನಾಲ್ಕಕ್ಕೂ ಮ್ಯಾಲಿನ ರೇಟೇ ಹಚ್ಚತೈತಿ. ಎರಡೆರಡು ಮಾಡಿ ತಗೀಲೇನ್ರಿ?”

ತೆಗೆದರು. ರೂ. 20,400 ಆಗಬೇಕಿದ್ದದ್ದು ರೂ. 18,600ಕ್ಕೆ ಮುಗಿಯಿತು. ವಿಮಾನದೊಳಗೆ ಸೀಟುಗಳೆಲ್ಲ ಒಂದೇ ಥರ ಕಂಡರೂ ಮಾರಾಟದ ಕಂಪ್ಯೂಟರ್ ಅವನ್ನು ಹತ್ತಾರು ದರದ ಗುಂಪುಗಳಾಗಿ ಒಡೆದಿರುತ್ತದೆ. ಈ ವ್ಯವಹಾರದವರು ಬಕೆಟ್ ಎನ್ನುತ್ತಾರೆ. ಅಗ್ಗದ ಬಕೆಟ್ ಖಾಲಿಯಾದರೆ ಮೇಲಿನದು ತೆರೆಯುತ್ತದೆ. ಒಂದೇ ಬುಕಿಂಗ್‌ನಲ್ಲಿ ಎಲ್ಲರಿಗೂ ಒಂದೇ ಬಕೆಟ್. 186 ಸೀಟಿನ ವಿಮಾನದಲ್ಲಿ ಅಗ್ಗದ ಬಕೆಟ್ ಖಾಲಿಯಾಗಲು ವಾರಗಳು ಹಿಡಿದರೆ, 78 ಸೀಟಿನದರಲ್ಲಿ ಒಂದು ಮದುವೆ ದಿಬ್ಬಣದ ಬುಕಿಂಗ್ ಸಾಕು, ಒಂದೇ ಮಧ್ಯಾಹ್ನದಲ್ಲಿ ದರ ಮೇಲಕ್ಕೆ ಹಾರುತ್ತದೆ. ಸಣ್ಣ ವಿಮಾನದ ಊರುಗಳಲ್ಲಿ ದರ ಹೀಗೆ ಜಿಗಿಯುವುದಕ್ಕೆ ಕಂಪನಿಯ ದುರಾಸೆಯೊಂದೇ ಕಾರಣವಲ್ಲ, ಸೀಟಿನ ಸಂಖ್ಯೆಯೇ ಚಿಕ್ಕದು.

ದಿಕ್ಕಿನ ಸಮಸ್ಯೆ ಇದಕ್ಕಿಂತ ದೊಡ್ಡದು. ರಜೆ ಶುರುವಾಗುವಾಗ ಬೆಂಗಳೂರಿನಿಂದ ಬೆಳಗಾವಿಗೆ ಸೀಟಿಲ್ಲ, ಅದೇ ವಿಮಾನ ಮರಳುವಾಗ ಅರ್ಧ ಖಾಲಿ. ಶಾಲೆ ಶುರುವಾಗುವ ವಾರ ಇದು ಉಲ್ಟಾ. ಖಾಲಿ ಮರಳುವ ವಿಮಾನವೂ ಇಂಧನ ಕುಡಿಯುತ್ತದೆ, ಅದರ ಖರ್ಚು ಭರ್ತಿ ಬಂದ ಕಡೆಯ ಟಿಕೆಟ್‌ಗೆ ಸೇರುತ್ತದೆ. ವಾರದ ಲೆಕ್ಕದಲ್ಲೂ ಹೀಗೆಯೇ. ದಿನಕ್ಕೊಂದು ಎಟಿಆರ್ ಎಂದರೆ ವಾರಕ್ಕೆ 546 ಸೀಟು. ಶುಕ್ರವಾರ, ಭಾನುವಾರ ಪೂರ್ತಿ ಭರ್ತಿ, ಉಳಿದ ಐದು ದಿನ 55 ಜನರಂತೆ ಎಂದುಕೊಳ್ಳೋಣ. ಒಟ್ಟು 431 ಜನ, ಶೇ 79 ಭರ್ತಿ. ಈ ಅಂಕಿ ನೋಡಿದ ಕಂಪನಿಯವರು ‘ಇನ್ನೂ ಐದರಲ್ಲೊಂದು ಸೀಟು ಖಾಲಿ ಇದೆ, ಹೊಸ ವಿಮಾನ ಯಾಕೆ?’ ಎನ್ನುತ್ತಾರೆ. ಶುಕ್ರವಾರ ಸಂಜೆ ಸೀಟು ಸಿಗದವರು ‘ಯಾವಾಗ ನೋಡಿದರೂ ಫುಲ್’ ಎನ್ನುತ್ತಾರೆ. ಸರಾಸರಿ ಎಂಬುದು ಇಬ್ಬರಿಗೂ ಸುಳ್ಳು ಹೇಳದೆ ಜಗಳ ಹಚ್ಚುತ್ತದೆ.

ಸರ್ಕಾರ ದರಕ್ಕೆ ಮಿತಿ ಹಾಕಬಾರದೇ ಎಂದು ಕೇಳುವವರಿದ್ದಾರೆ. ಹಾಕಿದ್ದೂ ಉಂಟು. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಹೊಂದಿಕೊಳ್ಳಲಾಗದೆ 2025ರ ಡಿಸೆಂಬರ್ ಮೊದಲ ವಾರ ಇಂಡಿಗೋದ ಸಾವಿರಾರು ಹಾರಾಟಗಳು ರದ್ದಾದವು. ಬೆಳಗಾವಿಯಲ್ಲಿ ವಿಧಾನಮಂಡಲದ ಚಳಿಗಾಲದ ಅಧಿವೇಶನ ಶುರುವಾಗುವ ಹೊತ್ತಿಗೇ. ಆಗ ಕೇಂದ್ರ ತಾತ್ಕಾಲಿಕ ಮಿತಿ ವಿಧಿಸಿತು: 500 ಕಿ.ಮೀ. ಒಳಗಿನ ಪ್ರಯಾಣಕ್ಕೆ ರೂ. 7,500, ಒಂದು ಸಾವಿರದಿಂದ ಒಂದೂವರೆ ಸಾವಿರ ಕಿ.ಮೀ. ದೂರಕ್ಕೆ ರೂ. 15,000. ಬೆಳಗಾವಿ–ಬೆಂಗಳೂರು ಆಕಾಶಮಾರ್ಗ ಸುಮಾರು 440 ಕಿ.ಮೀ., ದೆಹಲಿ ಸಾವಿರದ ನಾನೂರರ ಮೇಲೆ. ಮಿತಿಯಿಂದ ದರ ಹತೋಟಿಗೆ ಬಂತೇ ಹೊರತು ಸೀಟು ಹೆಚ್ಚಲಿಲ್ಲ; ಇಂಡಿಗೋದ ಪಟ್ಟಿಯಲ್ಲಿ ಶೇ 10 ಕಡಿತವೂ ಆಯಿತು.

ಉಡಾನ್ ಕೊಟ್ಟದ್ದು, ಒಯ್ದದ್ದು

ಬೆಳಗಾವಿಯ ಆಕಾಶದ ಕಥೆಯಲ್ಲಿ ಸಣ್ಣ ಊರುಗಳ ವಿಮಾನಯಾನಕ್ಕೆ ಸಹಾಯಧನ ಕೊಡುವ ಕೇಂದ್ರದ ಉಡಾನ್ ಯೋಜನೆಯದು ಎರಡು ಪಾತ್ರ. ಮೊದಲು ಅದು ನಮ್ಮಿಂದ ಕಿತ್ತುಕೊಂಡಿತು. ಸಹಾಯಧನ ಹುಬ್ಬಳ್ಳಿಗೆ ಸಿಕ್ಕಾಗ ಸ್ಪೈಸ್‌ಜೆಟ್ 2018ರ ಮೇ ತಿಂಗಳಲ್ಲಿ, ಸರಿಯಾಗಿ ರಜೆಯ ನಡುವೆ, ಬೆಳಗಾವಿಯ ಸೇವೆಯನ್ನು ನೂರು ಕಿಲೋಮೀಟರ್ ಆಚೆಗೆ ಒಯ್ದಿತು. ಮರುವರ್ಷ ಯೋಜನೆಯ ಮೂರನೇ ಸುತ್ತಿನಲ್ಲಿ ಬೆಳಗಾವಿಯೂ ಸೇರಿತು. 2019ರ ಜನವರಿಯಲ್ಲಿ ಹಾರಾಟ ಆರಂಭಿಸಿದ ಸ್ಟಾರ್ ಏರ್ ಇಲ್ಲಿಂದ ಅಹಮದಾಬಾದ್, ಇಂದೋರ್, ಜೋಧಪುರದಂಥ ಊರುಗಳಿಗೆ ದಾರಿ ತೆರೆಯಿತು. ಟ್ರೂಜೆಟ್ ಕೂಡ ಬಂತು. 2022ರಲ್ಲಿ ಆ ಕಂಪನಿಯೇ ನಿಂತಿತು.

ಉಡಾನ್‌ನ ನಿಯಮ ತಿಳಿದರೆ ಮಾರ್ಗಗಳು ಯಾಕೆ ಬಂದು ಹೋಗುತ್ತವೆ ಎಂಬುದು ಅರ್ಥವಾಗುತ್ತದೆ. ಯೋಜನೆ ಶುರುವಾದಾಗ ಒಂದು ಗಂಟೆಯ ಪ್ರಯಾಣಕ್ಕೆ ರೂ. 2,500ರ ಮಿತಿ ಇತ್ತು. ಅದು ಎಲ್ಲ ಸೀಟಿಗಲ್ಲ, ಅರ್ಧಕ್ಕೆ ಮಾತ್ರ. ಅದೂ 40 ಸೀಟು ಮೀರದಂತೆ. 50 ಸೀಟಿನ ವಿಮಾನದಲ್ಲಿ 25 ಸೀಟು ಮಿತಿದರದ್ದು, ಉಳಿದ 25 ಮಾರುಕಟ್ಟೆಯದ್ದು. ‘ಉಡಾನ್ ಅಂತೀರಿ, ಆರು ಸಾವಿರ ಕೇಳ್ತೀರಿ’ ಎಂಬ ತಕರಾರಿನ ಮೂಲ ಇಲ್ಲಿದೆ. ಮಿತಿದರದಿಂದ ಆಗುವ ನಷ್ಟ ತುಂಬುವ ಸಹಾಯಧನ ಮೂರು ವರ್ಷ ಮಾತ್ರ. ಅಷ್ಟರೊಳಗೆ ಮಾರ್ಗ ಸ್ವಂತ ಕಾಲ ಮೇಲೆ ನಿಲ್ಲದಿದ್ದರೆ ವಿಮಾನ ಮತ್ತೊಂದು ಊರಿಗೆ ಹೋಗುತ್ತದೆ. ಸಹಾಯಧನವಿಲ್ಲದೆ ಬಂದದ್ದು ಹೆಚ್ಚು ಗಟ್ಟಿ ಎನ್ನುವುದು ನನ್ನ ಅಭಿಪ್ರಾಯ. 2023ರ ಅಕ್ಟೋಬರ್‌ನಲ್ಲಿ ಇಂಡಿಗೋ ಹಾಕಿದ ದೆಹಲಿಯ ನೇರ ವಿಮಾನ ಅಂಥದ್ದು. ಮರಾಠಾ ಲಘು ಪದಾತಿ ದಳದ ಕೇಂದ್ರ, ಸಾಂಬ್ರಾದಲ್ಲೇ ಇರುವ ವಾಯುಪಡೆಯ ತರಬೇತಿ ಶಾಲೆ, ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು, ಕೆಎಲ್‌ಇ ಆಸ್ಪತ್ರೆ ಇರುವ ಊರಿಗೆ ದೆಹಲಿಯ ಓಡಾಟ ವರ್ಷವಿಡೀ ಇದ್ದೇ ಇರುತ್ತದೆ. ಸೈನಿಕರ ರಜೆ ಶಾಲೆಯ ರಜೆಗೆ ಕಾಯುವುದಿಲ್ಲ.

ಸೀಟು ಸಿಗದವರು ಸುಮ್ಮನೆ ಕೂರುವುದಿಲ್ಲ. ಹುಬ್ಬಳ್ಳಿಗೆ ಕಾರು ಹತ್ತುತ್ತಾರೆ, ಇಲ್ಲವೇ ಚೋರ್ಲಾ ಘಾಟಿ ಇಳಿದು ಗೋವಾಕ್ಕೆ. 2023ರ ಜನವರಿಯಲ್ಲಿ ಮೋಪಾದ ಹೊಸ ವಿಮಾನ ನಿಲ್ದಾಣ ತೆರೆದ ಮೇಲೆ ಗೋವಾದ ಆಯ್ಕೆ ಇನ್ನೂ ಹಿಗ್ಗಿದೆ. 2025ರ ಆಗಸ್ಟ್‌ನಿಂದ ಬೆಂಗಳೂರಿಗೆ ವಂದೇ ಭಾರತ್ ರೈಲೂ ಇದೆ. ಎಂಟೂವರೆ ತಾಸಿನ ದಾರಿ, ಆದರೆ ಒಂದೇ ರೈಲಿನಲ್ಲಿ ಹೆಚ್ಚುಕಡಿಮೆ ಏಳು ಎಟಿಆರ್‌ಗಳ ಜನ ಹಿಡಿಯುತ್ತಾರೆ. ಹೀಗೆ ಹುಬ್ಬಳ್ಳಿಯಿಂದಲೋ ಮೋಪಾದಿಂದಲೋ ಹಾರಿದ ಬೆಳಗಾವಿ, ಗೋಕಾಕ, ಬಾಗಲಕೋಟೆಯವರು ಅಂಕಿಅಂಶದಲ್ಲಿ ಆ ಊರುಗಳ ಪ್ರಯಾಣಿಕರಾಗಿ ಸೇರುತ್ತಾರೆ. ಮುಂದಿನ ಋತುವಿಗೆ ವಿಮಾನ ಹಂಚುವವರ ಮೇಜಿನ ಮೇಲೆ ಹುಬ್ಬಳ್ಳಿಯ ಬೇಡಿಕೆ ಹೆಚ್ಚಾಗಿಯೂ ಬೆಳಗಾವಿಯದು ಕಡಿಮೆಯಾಗಿಯೂ ಕಾಣುತ್ತದೆ.

2024ರ ಮಾರ್ಚ್‌ನಲ್ಲಿ ಸಾಂಬ್ರಾದ ಮತ್ತೊಂದು ಟರ್ಮಿನಲ್‌ಗೆ ಶಂಕುಸ್ಥಾಪನೆಯಾಗಿದೆ. ಎರಡು ದೊಡ್ಡ ವಿಮಾನ ಒಟ್ಟಿಗೆ ನಿಂತಾಗಿನ ಜಂಗುಳಿಗೆ ಅದು ಪರಿಹಾರ, ಅದಕ್ಕೆ ಸ್ವಾಗತ. ಕಟ್ಟಡ ಸೀಟು ತರುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ನಮ್ಮಲ್ಲಿ ಮನವಿ ಪತ್ರಗಳಿಗೆ ಬರವಿಲ್ಲ, ಆದರೆ ಅವು ಹೊರಡುವುದು ದರ ಏರಿದ ಮೇಲೆ. ಅಷ್ಟರಲ್ಲಿ ಸ್ಲಾಟ್ ಹಂಚಿಕೆ ಮುಗಿದು, ವಿಮಾನಯಾನ ನಿಯಂತ್ರಕ ಡಿಜಿಸಿಎಯ ಒಪ್ಪಿಗೆ ಬಿದ್ದು, ವಿಮಾನಗಳು ಊರೂರಿಗೆ ಗೊತ್ತಾಗಿರುತ್ತವೆ. ಬೇಸಿಗೆಯ ಸೀಟು ಕೇಳುವ ಪತ್ರ ಡಿಸೆಂಬರ್‌ನಲ್ಲೇ ಯಾವ ವಿಮಾನ ಯಾವ ಊರಿಗೆ ಎಂದು ನಿರ್ಧರಿಸುವ ಕಂಪನಿಯ ಜಾಲ ಯೋಜನಾ ವಿಭಾಗದ ಕೈ ಸೇರಬೇಕು. ‘ಬೆಳಗಾವಿಗೆ ಹೆಚ್ಚು ವಿಮಾನ ಕೊಡಿ’ ಎಂದಷ್ಟೇ ಬರೆದರೆ ಅದು ಕಡತಕ್ಕೆ ಸೇರುತ್ತದೆ. ಏಪ್ರಿಲ್ ಎರಡನೇ ವಾರದಿಂದ ಜೂನ್ ಮೊದಲ ವಾರದವರೆಗೆ, ಶುಕ್ರವಾರ ಸಂಜೆ ಬೆಂಗಳೂರಿನಿಂದ, ಭಾನುವಾರ ಸಂಜೆ ಬೆಳಗಾವಿಯಿಂದ, ಇನ್ನೊಂದು 78 ಸೀಟು ಬೇಕು ಎಂದು ಬರೆದು, ಉದ್ಯಮಿಗಳ ಸಂಘ, ಕಾಲೇಜು, ಆಸ್ಪತ್ರೆಗಳಿಂದ ಕಳೆದ ವರ್ಷ ಹುಬ್ಬಳ್ಳಿ, ಗೋವಾದಿಂದ ಹಾರಿದವರ ಲೆಕ್ಕವನ್ನೂ ಲಗತ್ತಿಸಿದರೆ, ಅದನ್ನು ಯಾರಾದರೂ ಎಕ್ಸೆಲ್ ಶೀಟಿಗೆ ಹಾಕಿ ನೋಡುವ ಸಾಧ್ಯತೆ ಇದೆ.